ಕಾಂಗರೂ ಯಾರ ಪೈಕಿ?

ಬಂಡಳ್ಳಿ
೧೪-೧೦-೧೯೯೯, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ಚಿಕ್ಕಬಸಿಯ ನಮಸ್ಕಾರ. ಮೊದಲು ನಿನ್ನ ಮಂಡಿನೋವಿನ ವಿಷಯ ಹೇಳು. ಹೋದ ಸಲ ಕೊಟ್ಟು ಕಳಿಸಿದ ಎಣ್ಣೆ ಹಚ್ಚಿಕೊಂಡೆಯಾ, ಇಲ್ಲ ಅದನ್ನೂ ದೇವರ ಗೂಡಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯಾ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಭಾವನ ಕೆಮ್ಮು ಇಳಿಯಿತೇ? ಸೊಂಟದ ತನಕ ನೀರಲ್ಲಿ ನಿಂತು ಬಲೆ ಎಳೆಯುವುದನ್ನು ಇನ್ನಾದರೂ ಮಗನಿಗೆ ಬಿಡಲಿ. ನಿಮ್ಮ ಶಿವರಾಜು ಈಗ ಮೀಸೆ ತಿರುವುವ ಗಂಡಸು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಮ್ಮ ಮನೆಯವರಿಗೆ ರೇಷ್ಮೆ ಹುಳುಮನೆ ಬಿಟ್ಟರೆ ಬೇರೆ ಲೋಕವಿಲ್ಲ, ಈ ಸಲ ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ಬಂದಿದೆ. ನೀನು ಕಳಿಸಿದ ಅರಿಶಿನ ತಲುಪಿತು. ಕೊಂಬು ದಪ್ಪಗಿವೆ, ಮುರಿದರೆ ಒಳಗೆ ಒಳ್ಳೆಯ ಬಣ್ಣ. ಡಬ್ಬದಲ್ಲಿ ಇಟ್ಟಿದ್ದೇನೆ. ಅಕ್ಷರವನ್ನು ಯಾಕೆ ಇಷ್ಟು ದೊಡ್ಡದಾಗಿ ಬರೆದಿದ್ದೇನೆ ಎಂದರೆ, ಇದನ್ನು ನೀನೇ ಓದಬೇಕು. ಭಾವನ ಕೈಗೂ ಕೊಡಬೇಡ, ಶಿವರಾಜುವಿನ ಕೈಗೂ ಕೊಡಬೇಡ. ನಾಲ್ಕನೇ ಕ್ಲಾಸಿನ ತನಕ ಓದಿದವಳು ನೀನು, ಕೂಡಿಸಿಕೊಂಡು ಓದಿದರೆ ಬರುತ್ತದೆ. ಎರಡು ದಿನ ಹಿಡಿದರೂ ಪರವಾಗಿಲ್ಲ.

ಶಿವರಾಜುವಿನ ಕೈಯಲ್ಲಿ ನೀನು ಬರೆಸಿದ ಪತ್ರ ಸೋಮವಾರ ಬಂತು. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ, ಕೈಯೆಲ್ಲ ಎಣ್ಣೆ, ಹಾಗಾಗಿ ರಾಣಿಗೇ ಓದು ಎಂದೆ. ದಸರಾ ರಜೆಗೆ ಕೊಳ್ಳೇಗಾಲದ ಹಾಸ್ಟೆಲಿನಿಂದ ಬಂದವಳು ಅವತ್ತು ನನ್ನ ಹಿಂದೆಯೇ ಬಂದಿದ್ದಳು. ಹೀಗೆ ನಿನ್ನ ಮಾತನ್ನೆಲ್ಲ ಅವಳ ಬಾಯಿಂದಲೇ ಕೇಳುವ ಹಾಗಾಯಿತು. ಹೆತ್ತದ್ದು ನೀನು. ಹೆಣ್ಣುಮಗು ಅಂತ ನಿನಗಿರುವುದು ಅವಳೊಬ್ಬಳೇ. ಹದಿನಾರು ತುಂಬುತ್ತಾ ಬಂತು, ರಜೆಗೆ ಕಳಿಸು, ಮತ್ತೆ ವಾಪಸು ಕಳಿಸುವುದಿಲ್ಲ, ಇನ್ನು ಅವಳು ಗೋಪಿನಾಥಂನಲ್ಲೇ ಇರಲಿ, ನಾಳೆ ಮದುವೆಯಲ್ಲಿ ಧಾರೆ ಎರೆಯುವವರೂ ನೀವೇ ಎಂದು ಬರೆಸಿದ್ದೀಯ. ಓದು ಬೇಕಿದ್ದರೆ ಇಲ್ಲಿಂದಲೇ ನೋಡೋಣ ಎಂದೂ ಒಂದು ಮಾತು ಸೇರಿಸಿದ್ದೀಯ. ಅಲ್ಲಿಂದ ಕಾಲೇಜಿಗೆ ಯಾವ ಬಸ್ಸು ಅಕ್ಕಾ? ಬರುವುದೇ ಎರಡು, ಅದರಲ್ಲಿ ಒಂದು ಬಂದರೆ ಬಂತು. ಅವಳ ಹೆರಿಗೆಯ ಮಾಸು ಹೂತ ಜಾಗ ಎಂದು ನುಗ್ಗೆಮರದ ಬುಡದಲ್ಲಿ ಪ್ರತಿ ದೀಪಾವಳಿಗೆ ಅವಳ ಹೆಸರಲ್ಲಿ ದೀಪ ಇಡುತ್ತೀಯ, ನಮಗೆ ಕಳಿಸುವ ಅರಿಶಿನ ಆ ಜಾಗದಲ್ಲೇ ಬೆಳೆದದ್ದು ಎಂದು ನೆನಪು ಮಾಡಿದ್ದೀಯ. ಕೊನೆಗೆ, 'ಅವಳ ಮಾಸು ನನ್ನ ಇತ್ಲಲ್ಲಿ ಅದೆ. ಮಾಸು ಬಿದ್ದ ನೆಲ ಕರೀತದೆ, ಕಳಿಸ್ಬುಡು.' ರಾಣಿ ಆ ಸಾಲನ್ನೂ ಎಡವದೆ ಓದಿ, ಪತ್ರ ಮಡಿಸಿ ನನ್ನ ಸೊಂಟಕ್ಕೆ ಸಿಕ್ಕಿಸಿ, ಮಕ್ಕಳಿಗೆ ನೀರು ಕೊಡಲು ಹೋದಳು. ತಾನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಬುದ್ಧಿ ಬಂದಾಗಿನಿಂದ ಅವಳಿಗೆ ಗೊತ್ತು, ನಾವು ಯಾರೂ ಮುಚ್ಚಿಟ್ಟವರಲ್ಲ. ಆದರೆ ಕರೆದರೆ ಹೋಗಬೇಕಾದವಳು ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಂದಿನಿಂದ ನನ್ನ ತಲೆ ಕೆಟ್ಟುಹೋಗಿದೆ, ಮಂಗಳವಾರ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದೇನೆ.

ಇದರ ಮೇಲೆ ಕಾಂಗರೂ ಬೇರೆ. ನಗಬೇಡ, ಹೇಳುತ್ತೇನೆ. ರಜೆ ಮುಗಿದ ಮೇಲೆ ರಾಣಿ ಕ್ಲಾಸಿನ ಮುಂದೆ ನಿಂತು, ಮರಿಯನ್ನು ಚೀಲದಲ್ಲಿಟ್ಟು ಸಾಕುವ ಪ್ರಾಣಿಗಳ ಬಗ್ಗೆ ಮಾತಾಡಬೇಕಂತೆ, ಜೀವಶಾಸ್ತ್ರದ ಮೇಡಂ ಹೇಳಿದ್ದಾರೆ. ಪುಸ್ತಕ ಇಂಗ್ಲಿಷಿನಲ್ಲಿದೆ. ಅವಳು ಓದಿ ನನಗೆ ಕನ್ನಡದಲ್ಲಿ ಹೇಳುತ್ತಾಳೆ. ನನಗೆ ತಿಳಿದರೆ ಕ್ಲಾಸಿಗೆಲ್ಲ ತಿಳಿಯುತ್ತದೆ ಎಂದು ಅವಳ ಎಣಿಕೆ. ಹಾಲು ಕುಡಿಸುವ ಪ್ರಾಣಿಗಳೆಲ್ಲ ಸಸ್ತನಿ, ಇಷ್ಟು ನಮಗೂ ಗೊತ್ತು. ಆ ಸಸ್ತನಿಗಳಲ್ಲಿ ಮೂರು ಮನೆತನ. ಮೊದಲನೆಯದು ಮೊಟ್ಟೆ ಇಡುತ್ತದೆ. ಮೊಟ್ಟೆ ಇಟ್ಟು, ಮರಿ ಹೊರಗೆ ಬಂದ ಮೇಲೆ ಹಾಲು ಕುಡಿಸುತ್ತದೆ, ಅದರಲ್ಲಿ ಒಂದಕ್ಕೆ ಬಾತುಕೋಳಿಯ ಮೂತಿ! ಮೊಟ್ಟೆ ಕೊಡುವುದು ಕೋಳಿ, ಹಾಲು ಕೊಡುವುದು ಹಸು ಎಂದು ಹದಿನಾಲ್ಕು ವರ್ಷದಿಂದ ಚಾರ್ಟು ತೋರಿಸಿಕೊಂಡು ಬಂದವಳು ನಾನು. ಈಗ ಆ ಚಾರ್ಟಿನ ಮುಂದೆ ನಿಲ್ಲಲು ನಾಚಿಕೆ. ಎರಡನೆಯದು ಚೀಲದ ಮನೆತನ, ಕಾಂಗರೂ ಮತ್ತು ಅದರ ಬಳಗ. ಮೂರನೆಯದರಲ್ಲಿ ಹಸು, ನಾಯಿ, ಆನೆ, ಬಾವಲಿ, ನೀನು, ನಾನು. ಈ ಮೂರನೆಯದನ್ನು ಜರಾಯು ಸಸ್ತನಿ ಎನ್ನುತ್ತಾರಂತೆ. ಜರಾಯು ಎಂದರೇನು ಎಂದು ಕೇಳಿದೆ. ರಾಣಿ ಪೆನ್ನು ಕಚ್ಚಿಕೊಂಡು, 'ಮಾಸು ಕಣವ್ವ' ಎಂದಳು. ನನ್ನ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು. ನಿನ್ನ ಪತ್ರದಲ್ಲೂ ಅದೇ, ಅವಳ ಪುಸ್ತಕದಲ್ಲೂ ಅದೇ. ಹೊಟ್ಟೆಯೊಳಗೆ ಕೂಸಿಗೆ ಅನ್ನ ನೀರು ಕೊಡುವ ಮಾಸು ಯಾರಿಗೆ ದಿನ ತುಂಬುವ ತನಕ ಇರುತ್ತದೋ ಅವರೆಲ್ಲ ಒಂದು ಪೈಕಿ.

ಆದರೆ ಚೀಲದವರ ಕಥೆ ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಕಾಂಗರೂ ಆಳೆತ್ತರದ ಪ್ರಾಣಿ, ಅದರ ಮರಿ ಮಾತ್ರ ಹುಟ್ಟುವಾಗ ಅವರೆಕಾಳಿನಷ್ಟು. ಕಣ್ಣು ಬಿಟ್ಟಿಲ್ಲ, ಕೂದಲಿಲ್ಲ, ಹಿಂಗಾಲು ಸರಿಯಾಗಿ ಮೂಡಿಲ್ಲ. ತಿಂಗಳ ಮೇಲೆ ಮೂರು ದಿನಕ್ಕೆ ಹೊಟ್ಟೆಯಿಂದ ಹೊರಗೆ ಬಂದು, ತಾಯಿಯ ರೋಮ ಹಿಡಿದುಕೊಂಡು ತಾನೇ ತೆವಳಿ ಚೀಲ ಸೇರುತ್ತದೆ. ಅಲ್ಲಿ ಮೊಲೆ ಕಚ್ಚಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಇದನ್ನು ಕೇಳಿ ನನಗೆ ಎಂಬತ್ತಮೂರರ ಡಿಸೆಂಬರ್ ನೆನಪಾಗದೆ ಇರುತ್ತದೆಯೇ? ನಿನಗೆ ಹುಷಾರಿಲ್ಲ ಎಂದು ನೋಡಲು ಬಂದಿದ್ದೆ. ಏಳು ತಿಂಗಳಿಗೇ ಹುಟ್ಟಿದ ಕೂಸು, ನನ್ನ ಮೊಣಕೈಯಿಂದ ಅಂಗೈ ತನಕವೂ ಉದ್ದವಿರಲಿಲ್ಲ. ನೀನು ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದೆ, ನಿನ್ನನ್ನು ಮೇಟೂರಿನ ಆಸ್ಪತ್ರೆಗೆ ಸಾಗಿಸಲು ಭಾವ ಗಾಡಿ ಹುಡುಕುತ್ತಿದ್ದರು. ನಿನ್ನ ಅತ್ತೆ ಕೂಸನ್ನು ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿ, 'ಇದು ನಿಲ್ಲೋ ಕೂಸಲ್ಲ ಕಣವ್ವ, ನಿನ್ನಕ್ಕನ್ನ ಉಳಿಸ್ಕಳಾನ' ಎಂದರು. ಅವರನ್ನು ತಪ್ಪು ಎನ್ನುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದರು. ನಾನು ಕೂಸನ್ನು ರವಿಕೆಯೊಳಗೆ ಎದೆಗೆ ಒತ್ತಿಕೊಂಡು, ಮೇಲೆ ಪಂಚೆ ಬಿಗಿದು, ಮಾರನೆ ಬೆಳಗ್ಗೆ ಬಸ್ಸು ಹತ್ತಿಬಿಟ್ಟೆ.

ಇಲ್ಲಿ ಕೊರೆಯುವ ಚಳಿ. ಬೆಚ್ಚಗಿದ್ದ ಜಾಗ ಒಂದೇ, ಹುಳುಮನೆ. ರೇಷ್ಮೆ ಹುಳುಗಳು ಸೊಪ್ಪು ತಿನ್ನುವುದು ಬಿಟ್ಟು ಎರಡನೇ ಸಲ ಪೊರೆ ಬಿಡುವ ಜ್ವರಕ್ಕೆ ಕೂತಿದ್ದವು, ಅವುಗಳಿಗಾಗಿ ಇದ್ದಿಲ ಒಲೆ ಆರದೆ ಉರಿಯುತ್ತಿತ್ತು. ಪುರುಡಿನವರು ಹುಳುಮನೆ ಹೊಸ್ತಿಲು ತುಳಿದರೆ ಹುಳು ಕೆಡುತ್ತವೆ ಎಂದು ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತರು. ನಾನು ಹೆತ್ತವಳಲ್ಲ, ನನಗೆಲ್ಲಿಯ ಪುರುಡು ಎಂದೆ. ಕೂಸಿಗೆ ಇದೆಯಲ್ಲ ಎಂದರು. ಕೂಸು ಇನ್ನೂ ಹುಟ್ಟೇ ಇಲ್ಲ, ಇದು ಹುಟ್ಟಬೇಕಾದದ್ದು ಮಾಘ ಮಾಸಕ್ಕೆ, ಪುರುಡಿನ ಲೆಕ್ಕ ಆಗ ಹಾಕಿ ಎಂದೆ. ಎಲ್ಲಿಂದ ಬಂತೋ ಆ ಮಾತು! ಅವರು ಬಾಗಿಲು ಬಿಟ್ಟು ಸರಿದರು. ಎರಡು ತಿಂಗಳು ಹುಳುವಿನ ತಟ್ಟೆಗಳ ನಡುವೆ ಕೂತಿದ್ದೆ, ನಿದ್ದೆ ಬಂದರೂ ಗೋಡೆಗೆ ಒರಗಿಯೇ. ಆ ಬೆಳೆ ಮುಗಿದು ಗೂಡು ಸಂತೆಗೆ ಹೋಯಿತು, ತಟ್ಟೆಗಳೆಲ್ಲ ಖಾಲಿ, ಆದರೂ ನಮ್ಮ ಮನೆಯವರು ಒಲೆ ಆರಿಸಲಿಲ್ಲ. ಹುಳುವಿಲ್ಲದ ಮನೆಗೆ ಇದ್ದಿಲು ಯಾಕೋ ಎಂದು ಊರವರು ನಕ್ಕರು. ಮಾಘದಲ್ಲಿ ಒಂದು ದಿನ ಅವಳು ಓಣಿಗೆಲ್ಲ ಕೇಳುವ ಹಾಗೆ ಅತ್ತಳು, ಅವತ್ತು ನಾನು ಪಂಚೆ ಬಿಚ್ಚಿದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಕೇಳಿದರೆ ಬಾಯಿಗೆ ಬಂದದ್ದು ಫೆಬ್ರವರಿ. ನೀನು ಮಾತ್ರ ಡಿಸೆಂಬರಿಗೇ ಅವಳಿಗೆ ಪಾಯಸ ಮಾಡುತ್ತೀಯ. ಕಾಂಗರೂ ಹುಟ್ಟಿದ ದಿನ ಯಾವುದು, ಹೊಟ್ಟೆಯಿಂದ ಬಂದದ್ದೋ ಚೀಲದಿಂದ ಬಂದದ್ದೋ ಎಂದು ರಾಣಿಯನ್ನು ಕೇಳಿದೆ. ಪುಸ್ತಕದಲ್ಲಿ ಹೊಟ್ಟೆಯಿಂದ ಬಂದದ್ದೇ ಎಂದು ಹೇಳಿ, ಆಮೇಲೆ ಅವಳೂ ಯೋಚನೆಗೆ ಬಿದ್ದಳು. ನನಗಂತೂ ಹಿಗ್ಗು. ರಾಣಿ ಚೀಲದ ಪೈಕಿ, ಅವಳಿಗೆ ಮಾಸಿನ ಲೆಕ್ಕ ಬರುವುದಿಲ್ಲ ಎಂದು ನಿನಗೆ ಬರೆದುಬಿಡೋಣ ಎಂದು ಪೆನ್ನು ಹಿಡಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಖಾತ್ರಿ ಮಾಡಿಕೊಳ್ಳೋಣ ಎಂದು ಗುರುಮಲ್ಲಪ್ಪ ಮೇಷ್ಟರ ಮನೆಗೆ ಹೋದೆ. ಯಳಂದೂರಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾಗಿ ನಮ್ಮ ಬೀದಿ ಕೊನೆಯಲ್ಲಿ ಮನೆ ಕಟ್ಟಿಕೊಂಡವರು. ಕಾಂಗರೂ ನಮ್ಮ ಪೈಕಿಯೋ ಬೇರೆಯೋ ಸಾ ಎಂದು ಕೇಳಿದೆ. 'ನಮ್ ಪೈಕೀನೇ ಕಣಮ್ಮ. ಚೀಲ ಇರ್ಲಿ, ಮಾಸು ಇರ್ಲಿ, ಮೂರು ಮನೇನೂ ಸೇರೋದು ಹಾಲಲ್ಲಿ. ಹಾಲು ಕುಡಿಸಿದ್ರೆ ಸಸ್ತನಿ, ಇಲ್ದಿದ್ರೆ ಇಲ್ಲ' ಎಂದರು. ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಕುಡಿಯದೆ ಎದ್ದು ಬಂದೆ. ನನ್ನಲ್ಲಿ ಹಾಲೆಲ್ಲಿತ್ತು ಅಕ್ಕಾ? ಮದುವೆಯಾಗಿ ಏಳು ವರ್ಷವಾದರೂ ಮಡಿಲು ತುಂಬದವಳು. ಪಕ್ಕದ ಮನೆ ಮಾದೇವಮ್ಮ ತನ್ನ ಮಗುವಿಗೆ ಕುಡಿಸಿ ಉಳಿದದ್ದನ್ನು ಬಟ್ಟಲಿಗೆ ಹಿಂಡಿ ಕೊಡುತ್ತಿದ್ದಳು. ಹತ್ತಿ ಬತ್ತಿ ಅದ್ದಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುತ್ತಿದ್ದೆ. ಮಾದೇವಮ್ಮನಿಗೆ ಆಗದ ದಿನ ನೀರು ಬೆರೆಸಿದ ಮೇಕೆ ಹಾಲು. ಈಗ ನೀನೇ ವಿಂಗಡಿಸು. ಹೊಟ್ಟೆ ನಿನ್ನದು, ಹಾಲು ಮಾದೇವಮ್ಮನದು ಮತ್ತು ಒಂದು ಮೇಕೆಯದು, ನನ್ನದು ಬರೀ ರವಿಕೆ. ಮೇಷ್ಟರ ಪ್ರಕಾರ ನಾನು ಸಸ್ತನಿಯೇ ಅಲ್ಲ, ಕಾಂಗರೂ ನನಗಿಂತ ವಾಸಿ. ಮನೆಗೆ ಬಂದು ಅತ್ತುಬಿಟ್ಟೆ. ಯಾಕವ್ವ ಎಂದು ರಾಣಿ ಕೇಳಿದ್ದಕ್ಕೆ ಈರುಳ್ಳಿ ಹೆಚ್ಚಿದೆ ಎಂದೆ. ಮನೆಯಲ್ಲಿ ಈರುಳ್ಳಿ ಇರಲಿಲ್ಲ.

ಅವಳಿಗೆ ಗೊತ್ತಾಗಿರಬೇಕು. ಸಮಾಧಾನಕ್ಕೋ ಏನೋ ಇನ್ನೊಂದು ಚಿತ್ರ ತೋರಿಸಿದಳು. ಆಸ್ಟ್ರೇಲಿಯಾ ಕಡೆ ಒಂದು ತೋಳ ಇತ್ತಂತೆ, ಈಗ ಅಳಿದುಹೋಗಿದೆ. ಮೂತಿ, ಹಲ್ಲು, ಕಾಲು ಎಲ್ಲ ತೋಳವೇ. ಆದರೆ ಅದಕ್ಕೂ ತೋಳಕ್ಕೂ ಸಂಬಂಧವೇ ಇಲ್ಲ, ಅದು ಕಾಂಗರೂವಿನ ಬಳಗ, ಅದಕ್ಕೂ ಚೀಲ. ರೂಪ ನೋಡಿ ಇಂಥವರ ಪೈಕಿ ಎಂದು ಹೇಳಬಾರದಂತೆ. ನನಗೆ ಮತ್ತೆ ಜೀವ ಬಂತು. ಯಾಕೆಂದರೆ ರಾಣಿ ಪೂರ್ತಿ ನೀನೇ. ನಿನ್ನ ಹಾಗೆ ಎಡಗೈ, ಸಿಟ್ಟು ಬಂದರೆ ನಿನ್ನ ಹಾಗೆ ಕೆಳತುಟಿ ಒಳಗೆ. ಬಾಗಿಲಲ್ಲಿ ಅವಳು ನಿಂತರೆ ಲಂಗ ದಾವಣಿಯ ನೀನು ನಿಂತ ಹಾಗೆ ಕಂಡು ಎಷ್ಟೋ ಸಲ ಬೆಚ್ಚಿದ್ದೇನೆ. ರೂಪ ನಂಬಬೇಡಿ ಎಂದು ಪುಸ್ತಕವೇ ಹೇಳಿದರೆ ನನಗಿನ್ನೇನು ಬೇಕು? ಹಾಗಾದರೆ ಬೆಳೆದ ರೀತಿ ನೋಡಿ ಹೇಳುತ್ತಾರೆ ತಾನೇ ಎಂದು ಕೇಳಿದೆ. ಅಲ್ಲ, ವಂಶ ನೋಡಿ, ಯಾರಿಂದ ಯಾರು ಇಳಿದು ಬಂದರು ಎಂದು ನೋಡಿ ಎಂದಳು. ನೆಟ್ಟಗೆ ಚೀಲವೇ ಇಲ್ಲದವೂ ಆ ಬಳಗದಲ್ಲಿವೆಯಂತೆ; ವಂಶ ಅದೇ ಆದ್ದರಿಂದ ಅವೂ ಆ ಪೈಕಿ. ಏರಿದಷ್ಟೇ ಬೇಗ ಇಳಿದೆ. ನನ್ನ ಮುಖ ನೋಡಿ ಅವಳು ಪುಸ್ತಕ ಮುಚ್ಚಿ, 'ಅವ್ವ, ಇದು ಪ್ರಾಣಿಗಳ್ನ ವಿಂಗಡ್ಸೋದು ಕಣವ್ವ, ನಮ್ಮನೆ ನ್ಯಾಯ ಪಂಚಾಯ್ತಿ ಅಲ್ಲ' ಎಂದಳು. ಹಾಗೆಂದವಳು ತಾನೇ ಮತ್ತೆ ಪುಸ್ತಕ ತೆರೆದು ಅದೇ ಪುಟ ಹುಡುಕಿದಳು. ಅವಳಿಗೂ ಏನೂ ಬಗೆಹರಿದಿಲ್ಲ ಅಕ್ಕಾ.

ಇಂದು ಶುಕ್ರವಾರ. ನಿನ್ನೆ ಅಂಗನವಾಡಿ ಮಕ್ಕಳು ನಿದ್ದೆಯಿಂದ ಎದ್ದುಬಿಟ್ಟರು, ಅಲ್ಲಿಗೇ ನಿಲ್ಲಿಸಿದ್ದೆ. ನಮ್ಮ ಮನೆಯವರು ಹುಳುಮನೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, 'ಬರೆದ್ಯಾ?' ಎನ್ನುತ್ತಾರೆ. ಬರೀತಾ ಇವ್ನಿ ಎನ್ನುತ್ತೇನೆ. 'ಅದ ಬರೆದ್ಯಾ?' ಎನ್ನುತ್ತಾರೆ. ಇನ್ನೂ ಕಾಂಗರೂವೇ ಮುಗಿದಿಲ್ಲ ಎಂದು ರೇಗುತ್ತೇನೆ. ನಿಜವಾಗಿಯೂ ಮುಗಿದಿಲ್ಲ. ಕಾಂಗರೂವಿಗೆ ಮಾಸೇ ಇಲ್ಲ ಎಂದುಕೊಂಡಿದ್ದೆನಲ್ಲ, ಅದೂ ತಪ್ಪಂತೆ. ಇರುತ್ತದೆ, ಆದರೆ ಕೆಲವೇ ದಿನ. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಬೆಳಗ್ಗೆ ಇದನ್ನು ಹೇಳುತ್ತಾ ಹೇಳುತ್ತಾ ರಾಣಿ, 'ನನ್ ಮಾಸ ನೀನು ನೋಡಿದ್ದಾ ಅವ್ವ?' ಎಂದಳು. ನೋಡಿದ್ದೆ ಎಂದೆ. 'ದೊಡ್ಡವ್ವ ಅಲ್ಲಿ ದೀಪ ಮಡಗ್ತದಲ್ಲ, ನಾ ಒಂದ್ಸಲ ಆ ಜಾಗದಲ್ಲಿ ಕೂತ್ಕಂಡು ನೋಡ್ಬೇಕು ಕಣವ್ವ. ಕರೀತದಾ ಇಲ್ವಾ ಅಂತ.' ವಿಜ್ಞಾನ ಓದುವ ಹುಡುಗಿಯ ಮಾತೇ ಇದು? ನಾನು ಒಲೆ ಊದಲು ಕೂತೆ, ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಅದಕ್ಕೇ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ನಮ್ಮ ಮನೆಯವರು ಹನೂರಿನ ತನಕ ಬಂದು, ಅಲ್ಲಿಂದ ನಿಮ್ಮೂರ ಕಡೆ ಬಸ್ಸು ಹತ್ತಿಸುತ್ತಾರೆ. ಈ ಪತ್ರವೂ ಅವಳ ಕೈಯಲ್ಲೇ. ಮೈದಾ ಅಂಟು ಬಳಿದಿದ್ದೇನೆ, ಅವಳು ಒಡೆಯುವವಳಲ್ಲ. ಕಾಲೇಜು ಇಪ್ಪತ್ತೈದಕ್ಕೆ ಶುರು. ಏನು ಮಾಡುತ್ತೀಯೇ ಎಂದು ಅವಳನ್ನೇ ಕೇಳಿದೆ. 'ಓಗ್ಬುಟ್ಟು ಬತ್ತೀನಿ ಕಣವ್ವ' ಎಂದಳು. ಹೊರಡುವವರೆಲ್ಲ ಹಾಗೇ ಹೇಳುತ್ತಾರೆ, ಬರೀ ಹೋಗುತ್ತೀನಿ ಎಂದು ಯಾರಾದರೂ ಹೇಳುತ್ತಾರೆಯೇ? ಹಾಗಾಗಿ ಅವಳು ಬರುತ್ತಾಳೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಪುಸ್ತಕವನ್ನೂ ತುಂಬಿಕೊಂಡಿದ್ದಾಳೆ, ಅದು ಬಂದು ಕ್ಲಾಸಿನಲ್ಲಿ ಮಾತಾಡಲಿಕ್ಕೋ, ಅಲ್ಲೇ ಕೂತು ಓದಲಿಕ್ಕೋ, ಅದೂ ತಿಳಿಯುತ್ತಿಲ್ಲ. ಅವಳಿಗೆ ಈಗಲೂ ಚಳಿ ತಡೆಯುವುದಿಲ್ಲ, ಬೆಳಗಿನ ಹೊತ್ತು ಕಿವಿಗೆ ಬಟ್ಟೆ ಕಟ್ಟಿಸು. ಮೀನು ಎಷ್ಟು ಬೇಕಾದರೂ ತಿನ್ನುತ್ತಾಳೆ, ಮುಳ್ಳು ಬಿಡಿಸಿ ಕೊಡುವುದು ಬೇಡ, ಈಗ ಅವಳೇ ಬಿಡಿಸಿಕೊಳ್ಳುತ್ತಾಳೆ. ನಾನು ಜಗಳಕ್ಕೆ ಬರೆದಿಲ್ಲ ಅಕ್ಕಾ. ಹೆತ್ತವಳು ನೀನು ಎನ್ನುವುದನ್ನು ಒಂದು ದಿನವೂ ಇಲ್ಲ ಎಂದವಳಲ್ಲ. ಅವಳಿಲ್ಲದೆ ನನಗೆ ಬದುಕಲು ಬರುವುದಿಲ್ಲ, ಅಷ್ಟೇ. ಭಾವನಿಗೆ ನಮಸ್ಕಾರ, ಶಿವರಾಜುವಿಗೆ ಆಶೀರ್ವಾದ. ಮಾದಪ್ಪ ನಿನ್ನ ಮಂಡಿಯನ್ನೂ ನನ್ನ ತಲೆಯನ್ನೂ ನೆಟ್ಟಗಿಟ್ಟಿರಲಿ.

ನಿನ್ನ ತಂಗಿ,
ಚಿಕ್ಕಬಸಮ್ಮ

ಮರೆತದ್ದು. ಮರೆತದ್ದಲ್ಲ, ಬಿಟ್ಟದ್ದು. ಶನಿವಾರ ಬೆಳಗ್ಗೆ. ಬಸ್ಸು ಆಲದಮರದ ಹತ್ತಿರ ಹಾರನ್ ಹೊಡೆಯುತ್ತಿದೆ, ಅಂಟು ಕಿತ್ತು ಈ ಹಾಳೆ ಸೇರಿಸುತ್ತಿದ್ದೇನೆ. ಇದನ್ನೇ ಮೇಲಿಟ್ಟು ಮಡಿಸಿದ್ದೇನೆ, ಮೊದಲು ಇದನ್ನು ಓದು. ನಿನ್ನ ನುಗ್ಗೆಮರದ ಬುಡದಲ್ಲಿ ಮಾಸು ಇಲ್ಲ ಅಕ್ಕಾ. ಅವತ್ತು ನಿನ್ನ ಅತ್ತೆ ಅದನ್ನು ಕುಡಿಕೆಗೆ ಹಾಕಿ ಹಿತ್ತಿಲ ಗೋಡೆ ಪಕ್ಕ ಮಂಕರಿ ಕವುಚಿಟ್ಟಿದ್ದರು, 'ಕೂಸು ಜೀವ ಬುಟ್ಮೇಕೆ ಎರಡ್ನೂ ಒಂದೇ ಗುಣಿಗೆ ಆಕಾನ' ಎಂದು. ಅದು ಅಲ್ಲಿದ್ದರೆ ಕೂಸನ್ನು ಗುಣಿಗೆ ಎಳೆದುಕೊಳ್ಳುತ್ತದೆ ಎಂದು ನನಗೆ ಹೆದರಿಕೆಯಾಯಿತು. ಬಾಳೆಎಲೆಯಲ್ಲಿ ಸುತ್ತಿ ನನ್ನ ಊಟದ ಡಬ್ಬಿಗೆ ಹಾಕಿಕೊಂಡು, ಕುಡಿಕೆಗೆ ಒದ್ದೆ ಬೂದಿ ತುಂಬಿ, ಬಾಯಿ ಕಟ್ಟಿ ಬಂದೆ. ಕೂಸು ಉಳಿಯಿತು ಎಂದು ತಿಳಿದ ಮೇಲೆ ಅವರು ನುಗ್ಗೆ ಬುಡದಲ್ಲಿ ಹೂತದ್ದು ಆ ಬೂದಿ. ಮಾಸು ಇಲ್ಲಿ ನಮ್ಮ ಕರಿಬೇವಿನ ಬುಡದಲ್ಲಿದೆ, ನಮ್ಮ ಮನೆಯವರೇ ಗುಂಡಿ ತೋಡಿದ್ದು. ಹೆದರಿ ತಂದೆ ಎಂದೆನಲ್ಲ, ಅದು ಅರ್ಧ ನಿಜ. ಕೂಸು ನನ್ನದಾಗಲಿ ಎಂದೂ ತಂದೆ. ಹದಿನೈದು ದೀಪಾವಳಿ ನೀನು ಬೂದಿಗೆ ದೀಪ ಇಟ್ಟೆ, ನಾನು ಗೊತ್ತಿದ್ದೂ ಸುಮ್ಮನಿದ್ದೆ. ನೀನು ಕಳಿಸಿದ ಅರಿಶಿನದಲ್ಲಿ ಒಂದು ಕೊಂಬನ್ನೂ ಬಳಸಿಲ್ಲ, ಎಲ್ಲ ಡಬ್ಬದಲ್ಲಿದೆ. ನೆಲ ಕರೆಯುವುದಿದ್ದರೆ ಅದು ಇಲ್ಲಿಯದೇ ಎಂದು ಬರೆದು ಅವಳನ್ನು ಇಟ್ಟುಕೊಳ್ಳಬಹುದಿತ್ತು. ಆದರೆ ಅವಳು ಆ ಜಾಗದಲ್ಲಿ ಕೂತು ನೋಡಬೇಕು ಎಂದಳಲ್ಲ, ಅವಳನ್ನು ಬೂದಿಯ ಮೇಲೆ ಕೂರಿಸಲಾರೆ. ಅವಳ ಚೀಲದ ತಳದಲ್ಲಿ, ಸ್ವೆಟರಿನ ಕೆಳಗೆ, ಹಳದಿ ಬಟ್ಟೆಯಲ್ಲಿ ಕಟ್ಟಿದ ಮಣ್ಣಿದೆ. ದೊಡ್ಡವ್ವನ ನುಗ್ಗೆಗೆ ಗೊಬ್ಬರ ಎಂದು ಅವಳಿಗೆ ಹೇಳಿದ್ದೇನೆ. ಕರಿಬೇವಿನ ಬುಡ ಅಗೆದು ತೆಗೆದದ್ದು. ಅವಳು ಕೂರುವ ಮೊದಲು ಅಲ್ಲಿ ಹಾಕಿ ನೀರು ಬಿಡು. ಆಮೇಲೆ ಅವಳು ಎಷ್ಟು ಹೊತ್ತು ಬೇಕಾದರೂ ಕೂರಲಿ, ಕರೆದರೆ ಕೇಳಿಸಿಕೊಳ್ಳಲಿ. ಎಲ್ಲ ಕಳಿಸಿಲ್ಲ ಅಕ್ಕಾ. ಅರ್ಧ ಇಲ್ಲೇ ಉಳಿಸಿಕೊಂಡಿದ್ದೇನೆ.